ಹಿಸ್ಟಮಿನ್ ಹೇಳುವ ಅರ್ಧ ಕಥೆ: ಅಲರ್ಜಿ–ಅಸ್ತಮಾ ಪಾಠದ ಒಂದು ವಿಮರ್ಶೆ

ದ್ವಿತೀಯ ಪಿಯುಸಿ ಜೀವವಿಜ್ಞಾನದ ಪಠ್ಯಪುಸ್ತಕದಲ್ಲಿ ಮಾನವನ ಆರೋಗ್ಯ ಮತ್ತು ರೋಗಗಳನ್ನು ಕುರಿತ ಒಂದು ಅಧ್ಯಾಯವಿದೆ. ಅದರಲ್ಲಿ ಅಲರ್ಜಿಗೆ ದೊರೆತಿರುವ ಜಾಗ ಸುಮಾರು ಅರ್ಧ ಪುಟ. ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಈ ಪುಸ್ತಕವನ್ನು ನಮ್ಮ ರಾಜ್ಯದ ಪದವಿಪೂರ್ವ ಕಾಲೇಜುಗಳು ದಶಕಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿವೆ. ಹೀಗಾಗಿ ಗೋಕಾಕ, ಹುಕ್ಕೇರಿ ಅಥವಾ ಈಚೆಗೆ ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯ ವಿಜ್ಞಾನ ವಿದ್ಯಾರ್ಥಿಗೂ ಬೆಂಗಳೂರಿನ ವಿದ್ಯಾರ್ಥಿಗೂ ಅಲರ್ಜಿಯ ಬಗೆಗೆ ದೊರೆಯುವ ಅಧಿಕೃತ ಮಾತು ಒಂದೇ. ವೈದ್ಯಕೀಯಕ್ಕೆ ಹೋಗದ ಬಹುಪಾಲು ವಿದ್ಯಾರ್ಥಿಗಳು ಇದರಿಂದಾಚೆಗೆ ಈ ವಿಷಯವನ್ನು ಮತ್ತೆ ಓದುವುದೂ ಇಲ್ಲ.

ಆ ಅರ್ಧ ಪುಟದ ಸಾರ ಹೀಗಿದೆ. ಪರಿಸರದಲ್ಲಿರುವ ಕೆಲವು ಪ್ರತಿಜನಕಗಳಿಗೆ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸುವುದೇ ಅಲರ್ಜಿ. ಇದರಲ್ಲಿ ತಯಾರಾಗುವ ಪ್ರತಿಕಾಯಗಳು ಐಜಿ-ಇ ಬಗೆಯವು. ಮಾಸ್ಟ್ ಕೋಶಗಳಿಂದ ಹಿಸ್ಟಮಿನ್ ಮತ್ತು ಸಿರೊಟೊನಿನ್‌ನಂತಹ ರಾಸಾಯನಿಕಗಳು ಬಿಡುಗಡೆಯಾಗುವುದರಿಂದ ಸೀನು, ನೀರೊಸರುವ ಕಣ್ಣು, ಸುರಿಯುವ ಮೂಗು, ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತವೆ. ಆ್ಯಂಟಿಹಿಸ್ಟಮಿನ್, ಅಡ್ರಿನಲಿನ್ ಮತ್ತು ಸ್ಟಿರಾಯ್ಡ್‌ಗಳು ಲಕ್ಷಣಗಳನ್ನು ಬೇಗ ತಗ್ಗಿಸುತ್ತವೆ. ಮಹಾನಗರಗಳ ಮಕ್ಕಳಲ್ಲಿ ಅಲರ್ಜಿ ಮತ್ತು ಅಸ್ತಮಾ ಹೆಚ್ಚುತ್ತಿದ್ದು, ಬಾಲ್ಯದಲ್ಲಿ ಅತಿಯಾಗಿ ಜೋಪಾನ ಮಾಡಿದ ಪರಿಸರ ಇದಕ್ಕೆ ಕಾರಣವಿರಬಹುದು.

ಇದರಲ್ಲಿ ಅಪ್ಪಟ ಸುಳ್ಳು ಎನ್ನುವಂಥದು ಕಡಿಮೆ. ಮಾಸ್ಟ್ ಕೋಶ, ಐಜಿ-ಇ, ಹಿಸ್ಟಮಿನ್ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿರುವುದು ಶ್ಲಾಘನೀಯವೇ. ಪ್ರಥಮ ಪಿಯುಸಿ ಪುಸ್ತಕವಂತೂ ಅಸ್ತಮಾ ಎಂದರೆ ಶ್ವಾಸನಾಳ ಮತ್ತು ಕಿರುಶ್ವಾಸನಾಳಗಳ ಉರಿಯೂತದಿಂದ ಬರುವ ಉಸಿರಾಟದ ತೊಂದರೆ ಎಂದು ಒಂದೇ ವಾಕ್ಯದಲ್ಲಿ ಸರಿಯಾಗಿ ಹೇಳಿ ಮುಗಿಸುತ್ತದೆ. ಆಕ್ಷೇಪವಿರುವುದು ಇವೆರಡರ ನಡುವಣ ಅಂತರದ ಬಗೆಗೆ. ಮೊದಲ ವರ್ಷ ‘ಉರಿಯೂತ’ ಎಂದು ಕಲಿತ ವಿದ್ಯಾರ್ಥಿ ಎರಡನೆಯ ವರ್ಷ ‘ಹಿಸ್ಟಮಿನ್’ ಎಂದು ಕಲಿಯುತ್ತಾನೆ. ಎರಡನ್ನೂ ಸೇರಿಸಿ, ಹಿಸ್ಟಮಿನ್‌ನಿಂದ ಉಬ್ಬಸ, ಹಿಸ್ಟಮಿನ್ ತಡೆದರೆ ಉಬ್ಬಸ ವಾಸಿ ಎಂದು ತಾನೇ ತೀರ್ಮಾನಿಸುತ್ತಾನೆ. ಒಂದು ಅಂಕದ ಪ್ರಶ್ನೆಗೆ ಈ ತಿಳಿವಳಿಕೆ ಸಾಕು. ಮನೆಯಲ್ಲಿ ಅಸ್ತಮಾ ರೋಗಿ ಇದ್ದರೆ ಸಾಲದು.

ಚರ್ಮದ ಮೇಲೆ ನಿಜ

ಹಿಸ್ಟಮಿನ್‌ಗೆ ಈ ಪಟ್ಟ ದೊರೆತದ್ದು ಹೇಗೆ? 1910ರಲ್ಲಿ ಇಂಗ್ಲೆಂಡಿನ ಹೆನ್ರಿ ಡೇಲ್ ಮತ್ತು ಪ್ಯಾಟ್ರಿಕ್ ಲೇಡ್‌ಲಾ ಇದರ ಪರಿಣಾಮಗಳನ್ನು ವಿವರಿಸಿದರು. ಗಿನಿಯಿಲಿಗೆ ಹಿಸ್ಟಮಿನ್ ಚುಚ್ಚಿದರೆ ಶ್ವಾಸನಾಳಗಳು ಬಿಗಿದು ಅದು ಉಸಿರುಕಟ್ಟಿ ಸಾಯುತ್ತಿತ್ತು. ಬೇರೆ ಪ್ರಾಣಿಗಳಲ್ಲಿ ರಕ್ತದೊತ್ತಡ ಕುಸಿಯುತ್ತಿತ್ತು. ಪರಕೀಯ ಪ್ರೋಟೀನನ್ನು ಎರಡನೆಯ ಬಾರಿ ಚುಚ್ಚಿದಾಗ ಆಗುವ ಅನಾಫಿಲಾಕ್ಸಿಸ್ ಎಂಬ ತೀವ್ರ ಆಘಾತಕ್ಕೂ ಇದಕ್ಕೂ ಇದ್ದ ಹೋಲಿಕೆ ಎದ್ದು ಕಾಣುತ್ತಿತ್ತು. 1937ರಲ್ಲಿ ಡ್ಯಾನಿಯಲ್ ಬೊವೆ ಮತ್ತು ಸಂಗಡಿಗರು ಮೊದಲ ಆ್ಯಂಟಿಹಿಸ್ಟಮಿನ್ ಕಂಡುಹಿಡಿದಾಗ ಅಲರ್ಜಿಯ ಒಗಟು ಬಿಡಿಸಿದಂತೆಯೇ ಎಂದು ಹಲವರು ಭಾವಿಸಿದರೆ ಆಶ್ಚರ್ಯವಿಲ್ಲ. ಬೊವೆಗೆ 1957ರಲ್ಲಿ ನೊಬೆಲ್ ಬಹುಮಾನ ಬಂತು.

ಚರ್ಮ ಮತ್ತು ಮೂಗಿನ ಮಟ್ಟಿಗೆ ಈ ಚಿತ್ರ ಬಹುಮಟ್ಟಿಗೆ ಸರಿ. ಪಿತ್ತದ ಗಾದರಿ ಎದ್ದಾಗ ಸೆಟಿರಿಜಿನ್ ಗುಳಿಗೆ ನುಂಗಿದರೆ ಒಂದೆರಡು ಗಂಟೆಯಲ್ಲಿ ತುರಿಕೆ ಇಳಿಯುತ್ತದೆ. ಅಲರ್ಜಿಯ ಮೂಲ ಹುಡುಕಲು ಚರ್ಮದ ಮೇಲೆ ಚುಚ್ಚು ಪರೀಕ್ಷೆ ಮಾಡುವ ವೈದ್ಯರು ಕೆಲವು ದಿನ ಮೊದಲೇ ಆ್ಯಂಟಿಹಿಸ್ಟಮಿನ್ ನಿಲ್ಲಿಸಲು ಹೇಳುತ್ತಾರೆ. ಇಲ್ಲವಾದರೆ ಗಾದರಿಯೇ ಏಳುವುದಿಲ್ಲ. ಆದರೆ ಅಸ್ತಮಾಕ್ಕಾಗಿ ಸೇದುವ ಸ್ಟಿರಾಯ್ಡ್ ನಿಲ್ಲಿಸುವಂತೆ ಹೇಳುವುದಿಲ್ಲ. ಈ ಒಂದು ವ್ಯತ್ಯಾಸದಲ್ಲೇ ಪಠ್ಯಪುಸ್ತಕ ಬಿಟ್ಟುಬಿಟ್ಟ ಪಾಠದ ಸುಳಿವಿದೆ. ಚರ್ಮದ ಗಾದರಿಯಲ್ಲಿ ಹಿಸ್ಟಮಿನ್ ನಾಯಕ. ಶ್ವಾಸನಾಳದಲ್ಲಿ ಅದು ಹಲವರಲ್ಲಿ ಒಬ್ಬ.

ಸಿರೊಟೊನಿನ್ ಬಗೆಗೂ ಒಂದು ಮಾತು. ಇಲಿ, ಹೆಗ್ಗಣಗಳ ಮಾಸ್ಟ್ ಕೋಶಗಳಲ್ಲಿ ಸಿರೊಟೊನಿನ್ ಧಾರಾಳವಾಗಿದೆ. ಮನುಷ್ಯನ ಮಾಸ್ಟ್ ಕೋಶಗಳಲ್ಲಿ ಅದು ತೀರ ಅಲ್ಪ. ನಮ್ಮ ಅಲರ್ಜಿಯಲ್ಲಿ ಅದರ ಪಾತ್ರ ಮುಖ್ಯವೆಂದು ಯಾರೂ ಹೇಳುವುದಿಲ್ಲ. ಪ್ರಯೋಗಾಲಯದ ಇಲಿಯ ಲಕ್ಷಣವೊಂದು ಮನುಷ್ಯರ ಆರೋಗ್ಯದ ಅಧ್ಯಾಯಕ್ಕೆ ನುಸುಳಿ, ಅಲ್ಲೇ ನೆಲೆಸಿ, ಪ್ರಶ್ನೆಪತ್ರಿಕೆಗಳ ಸರಿಯುತ್ತರವೂ ಆಗಿಬಿಟ್ಟಿದೆ. ಆ ಜಾಗದಲ್ಲಿ ಇರಬೇಕಾದ ಹೆಸರು ಬೇರೆ.

ನಿಧಾನವಾಗಿ ಬಿಗಿಯುವ ವಸ್ತು

ಆ ಹೆಸರಿನ ಕಥೆ ಶುರುವಾಗುವುದು ನಾಗರಹಾವಿನ ವಿಷದಿಂದ. 1938ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ವಿಲ್‌ಹೆಲ್ಮ್ ಫೆಲ್ಡ್‌ಬರ್ಗ್ ಮತ್ತು ಚಾರ್ಲ್ಸ್ ಕೆಲವೇ ಗಿನಿಯಿಲಿಯ ಶ್ವಾಸಕೋಶದ ಮೂಲಕ ನಾಗರವಿಷ ಹಾಯಿಸಿ, ಹೊರಬಂದ ದ್ರವವನ್ನು ಕರುಳಿನ ತುಣುಕಿನ ಮೇಲೆ ಪರೀಕ್ಷಿಸಿದರು. ಹಿಸ್ಟಮಿನ್ ಆಗಿದ್ದರೆ ಕರುಳು ಥಟ್ಟನೆ ಕುಗ್ಗಿ ಥಟ್ಟನೆ ಸಡಿಲಗೊಳ್ಳಬೇಕಿತ್ತು. ಆದರೆ ಇಲ್ಲಿ ಅದರ ಹಿಂದೆಯೇ ಇನ್ನೊಂದು ಕುಗ್ಗುವಿಕೆ ಕಂಡಿತು. ನಿಧಾನವಾಗಿ ಏರಿ ಬಹಳ ಹೊತ್ತು ನಿಲ್ಲುವಂಥದು. ಇದೇನೆಂದು ತಿಳಿಯದೆ ಅವರು ಅದನ್ನು ನಿಧಾನವಾಗಿ ವರ್ತಿಸುವ ವಸ್ತು ಎಂದಷ್ಟೇ ಕರೆದರು. ಮುಂದೆ ಬ್ರಿಟನ್ನಿನ ವಾಲ್ಟರ್ ಬ್ರಾಕ್ಲ್‌ಹರ್ಸ್ಟ್, ಅಲರ್ಜಿಗೆ ಗುರಿಯಾದ ಶ್ವಾಸಕೋಶದಿಂದಲೂ ಇದು ಹೊರಬರುವುದನ್ನೂ, ಆ್ಯಂಟಿಹಿಸ್ಟಮಿನ್ ಇದನ್ನು ತಡೆಯದಿರುವುದನ್ನೂ ತೋರಿಸಿದರು. ಚರ್ಮದಲ್ಲಿ ಯಶಸ್ವಿಯಾದ ಔಷಧಿ ಅಸ್ತಮಾದಲ್ಲಿ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಉತ್ತರದ ದಾರಿ ತೆರೆದದ್ದು ಹೀಗೆ.

ವಸ್ತುವಿನ ರಚನೆ ತಿಳಿಯಲು 1979ರವರೆಗೆ ಕಾಯಬೇಕಾಯಿತು. ಸ್ವೀಡನ್ನಿನ ಬೆಂಗ್ಟ್ ಸ್ಯಾಮ್ಯುಯೆಲ್ಸನ್ ಮತ್ತು ಸಂಗಡಿಗರು ಇದನ್ನು ಬಿಡಿಸಿ ಲ್ಯೂಕೊಟ್ರೈಯೀನ್ ಎಂದು ಹೆಸರಿಟ್ಟರು. ಬಿಳಿಯ ರಕ್ತಕಣಗಳಲ್ಲಿ ಕಂಡದ್ದರಿಂದ ‘ಲ್ಯೂಕೊ’. ಸಾಲಾಗಿ ಮೂರು ಪರ್ಯಾಯ ದ್ವಿಬಂಧಗಳಿರುವುದರಿಂದ ‘ಟ್ರೈಯೀನ್’. ಸ್ಯಾಮ್ಯುಯೆಲ್ಸನ್ ಅವರು ಸುನೆ ಬರ್ಗ್‌ಸ್ಟ್ರೋಮ್ ಮತ್ತು ಜಾನ್ ವೇನ್ ಅವರೊಂದಿಗೆ 1982ರ ನೊಬೆಲ್ ಹಂಚಿಕೊಂಡರು. ಶ್ವಾಸನಾಳವನ್ನು ಬಿಗಿಯುವುದರಲ್ಲಿ ಸಿ4, ಡಿ4 ಲ್ಯೂಕೊಟ್ರೈಯೀನ್‌ಗಳು ಹಿಸ್ಟಮಿನ್‌ಗಿಂತ ಸುಮಾರು ಸಾವಿರ ಪಟ್ಟು ಪ್ರಬಲ. ಇವು ಹಿಸ್ಟಮಿನ್‌ನಂತೆ ಮಾಸ್ಟ್ ಕೋಶದ ಕಣಿಕೆಗಳಲ್ಲಿ ಮೊದಲೇ ತುಂಬಿಟ್ಟ ಸರಕಲ್ಲ. ಐಜಿ-ಇಗೆ ಪ್ರತಿಜನಕ ಅಂಟಿದ ಮೇಲೆ ಕೋಶಪೊರೆಯ ಕೊಬ್ಬಿನಿಂದ ಅರಾಕಿಡೊನಿಕ್ ಆಮ್ಲ ಬಿಡಿಸಿಕೊಂಡು, ಅದರಿಂದ ಕೆಲವೇ ನಿಮಿಷಗಳಲ್ಲಿ ಹೊಸದಾಗಿ ತಯಾರಾಗುವಂಥವು.

ಇದೇ ಅರಾಕಿಡೊನಿಕ್ ಆಮ್ಲಕ್ಕೆ ಎರಡು ಹಾದಿಗಳಿವೆ ಎಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಒಂದು ಪ್ರೊಸ್ಟಗ್ಲಾಂಡಿನ್‌ಗಳತ್ತ, ಇನ್ನೊಂದು ಲ್ಯೂಕೊಟ್ರೈಯೀನ್‌ಗಳತ್ತ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಗುಳಿಗೆಗಳು ಮೊದಲ ಹಾದಿಯನ್ನು ಮುಚ್ಚುತ್ತವೆ. ಆ ಹಾದಿಯಲ್ಲಿ ತಯಾರಾಗುವ ಪ್ರೊಸ್ಟಗ್ಲಾಂಡಿನ್ ಇ2, ಲ್ಯೂಕೊಟ್ರೈಯೀನ್ ತಯಾರಿಕೆಗೆ ಕಡಿವಾಣವಾಗಿಯೂ ಕೆಲಸ ಮಾಡುತ್ತಿರುತ್ತದೆ. ಕಡಿವಾಣ ತಪ್ಪಿದಾಗ ಕೆಲವರಲ್ಲಿ ಲ್ಯೂಕೊಟ್ರೈಯೀನ್ ಉಕ್ಕಿ ಬರುತ್ತದೆ. ವಯಸ್ಕ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ. 7 ಮಂದಿಗೆ ಹೀಗೆ ನೋವಿನ ಗುಳಿಗೆಯಿಂದಲೇ ಉಬ್ಬಸ ಕೆರಳುತ್ತದೆ. ಇಲ್ಲಿ ಐಜಿ-ಇಯ ಅಗತ್ಯವೇ ಇಲ್ಲ. ಕಬ್ಬು ಕಡಿದು ಸೊಂಟ ಹಿಡಿದವರು ಅಂಗಡಿಯಲ್ಲಿ ಗುಳಿಗೆ ಕೇಳಿ ಪಡೆಯುವುದು ಸರ್ವೇಸಾಮಾನ್ಯವಾದ ಪ್ರದೇಶದಲ್ಲಿ, ಪಠ್ಯದ ಹಿಸ್ಟಮಿನ್ ಸೂತ್ರ ಇದನ್ನು ವಿವರಿಸಲಾರದು. ಎರಡು ಹಾದಿಗಳ ಚಿತ್ರವೊಂದು ಕಪ್ಪು ಹಲಗೆಯ ಮೇಲೆ ಎರಡು ನಿಮಿಷದಲ್ಲಿ ವಿವರಿಸುತ್ತದೆ. ಇಂಥವರಿಗೆ ಸಾಮಾನ್ಯ ಪ್ರಮಾಣದ ಪ್ಯಾರಾಸಿಟಮಾಲ್ ಬಹುತೇಕ ಸುರಕ್ಷಿತ ಎಂಬುದನ್ನೂ ಜೊತೆಗೆ ಹೇಳಬಹುದು.

ಲ್ಯೂಕೊಟ್ರೈಯೀನ್ ತಡೆಯುವ ಮಾಂಟೆಲುಕಾಸ್ಟ್ 1998ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಸಾವಿರ ಪಟ್ಟು ಪ್ರಬಲವಾದ ವಸ್ತುವನ್ನು ತಡೆದ ಮೇಲೆ ಅಸ್ತಮಾ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. ಕೆಲವರಿಗೆ ಉಪಯುಕ್ತವಾದರೂ ಒಟ್ಟಾರೆ ಅದು ಸೇದುವ ಸ್ಟಿರಾಯ್ಡ್‌ಗಿಂತ ದುರ್ಬಲ. ಮನಸ್ಸಿನ ಮೇಲಾಗುವ ಅಡ್ಡಪರಿಣಾಮಗಳ ಕಾರಣಕ್ಕೆ 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಲಗತ್ತಿಸಿದರು. ಹಿಸ್ಟಮಿನ್ ಬದಲು ಲ್ಯೂಕೊಟ್ರೈಯೀನ್ ಎಂದು ಪಠ್ಯವನ್ನು ತಿದ್ದಿದರೆ ಸಾಲದು ಎನ್ನುವುದು ಇದರಿಂದಲೇ ತಿಳಿಯುತ್ತದೆ.

ಮೂರು ಔಷಧಿ, ಒಂದೇ ವಾಕ್ಯ

ಪಾಠದಲ್ಲಿ ಇಲ್ಲದೆ ಇರುವುದು ಮತ್ತೊಂದು ಅಣುವಿನ ಹೆಸರಿಗಿಂತ ಹೆಚ್ಚಾಗಿ, ಕಾಲದ ಕಲ್ಪನೆ. ಪರಾಗ ಅಥವಾ ಧೂಳುನುಸಿಯ ಕಣ ಒಳಹೊಕ್ಕ ಕೆಲವು ನಿಮಿಷಗಳಲ್ಲಿ ಹಿಸ್ಟಮಿನ್, ಪ್ರೊಸ್ಟಗ್ಲಾಂಡಿನ್ ಡಿ2 ಮತ್ತು ಲ್ಯೂಕೊಟ್ರೈಯೀನ್‌ಗಳಿಂದ ಶ್ವಾಸನಾಳದ ಸ್ನಾಯು ಬಿಗಿಯುತ್ತದೆ. ಒಂದೆರಡು ಗಂಟೆಯಲ್ಲಿ ಅದು ಸಡಿಲಗೊಳ್ಳುತ್ತದೆ. ರೋಗಿ ನಿಟ್ಟುಸಿರು ಬಿಡುತ್ತಾನೆ. ಅಷ್ಟರಲ್ಲಿ ಮಾಸ್ಟ್ ಕೋಶಗಳೂ ಟಿ-ಲಿಂಫೊಸೈಟ್‌ಗಳೂ ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಕಳಿಸಿಯಾಗಿರುತ್ತದೆ. ಇಂಟರ್‌ಲ್ಯೂಕಿನ್-5 ಇಯೊಸಿನೊಫಿಲ್‌ಗಳನ್ನು ಕರೆತರುತ್ತದೆ, ಇಂಟರ್‌ಲ್ಯೂಕಿನ್-13 ಲೋಳೆ ಹೆಚ್ಚಿಸುತ್ತದೆ, ಇಂಟರ್‌ಲ್ಯೂಕಿನ್-4 ಮತ್ತಷ್ಟು ಐಜಿ-ಇ ತಯಾರಿಕೆಗೆ ಪ್ರಚೋದಿಸುತ್ತದೆ. ಸುಮಾರು ನಾಲ್ಕರಿಂದ ಎಂಟು ಗಂಟೆಗಳ ಹೊತ್ತಿಗೆ, ಹಲವು ರೋಗಿಗಳಲ್ಲಿ, ಹೊಸ ಪ್ರತಿಜನಕವೇನೂ ಒಳಹೋಗದಿದ್ದರೂ ಎರಡನೆಯ ಸುತ್ತಿನ ಉಬ್ಬಸ ಬರುತ್ತದೆ. ಇಯೊಸಿನೊಫಿಲ್ ಉಗುಳುವ ಪ್ರೋಟೀನುಗಳು ನಾಳದ ಒಳಪದರವನ್ನೇ ಸುಲಿಯುತ್ತವೆ. ಹೀಗೆ ಬೆತ್ತಲಾದ ನಾಳ ಮುಂದೆ ತಂಪು ಗಾಳಿ, ಹೊಗೆ, ನಗು, ಓಟ ಯಾವುದಕ್ಕಾದರೂ ಬಿಗಿಯಬಲ್ಲದು. ಅಸ್ತಮಾ ರೋಗಿಯ ಕಫದಲ್ಲಿ ಸೂಜಿಮೊನೆಯಂತಹ ಹರಳುಗಳಿರುವುದನ್ನು ಲೈಡನ್ ಎಂಬ ಜರ್ಮನ್ ವೈದ್ಯ 1872ರಲ್ಲೇ ಗುರುತಿಸಿದ್ದ. ಅವು ಇಯೊಸಿನೊಫಿಲ್‌ನ ಪ್ರೋಟೀನು ಹರಳುಗಟ್ಟಿದ್ದು ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

ಈಗ ಪಠ್ಯದ ಔಷಧಿಗಳ ವಾಕ್ಯಕ್ಕೆ ಬರೋಣ. ಆ್ಯಂಟಿಹಿಸ್ಟಮಿನ್, ಅಡ್ರಿನಲಿನ್, ಸ್ಟಿರಾಯ್ಡ್ ಮೂರನ್ನೂ ‘ಬೇಗ’ ಎಂಬ ಒಂದೇ ಕ್ರಿಯಾವಿಶೇಷಣಕ್ಕೆ ಕಟ್ಟಿಹಾಕಿರುವುದು ಈ ಅರ್ಧ ಪುಟದ ಅತ್ಯಂತ ದುರ್ಬಲ ಭಾಗ. ಆ್ಯಂಟಿಹಿಸ್ಟಮಿನ್ ಒಂದು ಗ್ರಾಹಕವನ್ನು ಮಾತ್ರ ಮುಚ್ಚುತ್ತದೆ. ಅಸ್ತಮಾದ ದಾಳಿಯಲ್ಲಿ ಅದರ ಪ್ರಯೋಜನ ನಗಣ್ಯ. ಅಡ್ರಿನಲಿನ್ ಯಾವ ರಾಸಾಯನಿಕವನ್ನೂ ತಡೆಯಲು ಹೋಗದೆ, ಅವೆಲ್ಲ ಮಾಡಿದ್ದರ ವಿರುದ್ಧ ಕೆಲಸವನ್ನು ತಾನೇ ಮಾಡುತ್ತದೆ. ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಬಿಗಿದ ಶ್ವಾಸನಾಳಗಳನ್ನು ಸಡಿಲಿಸುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಸುರಿಯದಂತೆ ನೋಡಿಕೊಳ್ಳುತ್ತದೆ, ಅದೂ ನಿಮಿಷಗಳಲ್ಲಿ. ಸ್ಟಿರಾಯ್ಡ್ ಕೋಶದೊಳಗೆ ಹೊಕ್ಕು, ಗ್ರಾಹಕದೊಂದಿಗೆ ಕೋಶಕೇಂದ್ರ ಸೇರಿ, ಸೈಟೊಕೈನ್‌ಗಳ ಜೀನುಗಳನ್ನೇ ಮೌನಗೊಳಿಸಬೇಕು. ಅದಕ್ಕೆ ಗಂಟೆಗಳು ಬೇಕು. ಆಸ್ಪತ್ರೆಯಲ್ಲಿ ತೀವ್ರ ಉಬ್ಬಸಕ್ಕೆ ಸ್ಟಿರಾಯ್ಡ್ ಕೊಡುವುದು ಆ ಕ್ಷಣದ ಪರಿಹಾರಕ್ಕಲ್ಲ, ಮುಂದಿನ ಗಂಟೆಗಳ ರಕ್ಷಣೆಗೆ.

ಈ ವ್ಯತ್ಯಾಸ ಜೀವನ್ಮರಣದ್ದು ಎಂಬುದಕ್ಕೆ ನಮ್ಮ ಹೊಲಗಳಿಗೆ ತೀರ ಹತ್ತಿರದ ಪುರಾವೆಯಿದೆ. ಹಾವು ಕಚ್ಚಿದವರಿಗೆ ಕೊಡುವ ವಿಷನಿರೋಧಕ ಕುದುರೆಯ ಪ್ರೋಟೀನಾದ್ದರಿಂದ ಅದಕ್ಕೇ ಹಲವರಿಗೆ ತೀವ್ರ ಪ್ರತಿಕ್ರಿಯೆಯಾಗುತ್ತದೆ. ಶ್ರೀಲಂಕಾದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಾವು ಕಚ್ಚಿದ 1,007 ಮಂದಿಯ ಪೈಕಿ ಬೇರೆ ಬೇರೆಯವರಿಗೆ ಮುಂಜಾಗ್ರತೆಯಾಗಿ ಅಡ್ರಿನಲಿನ್, ಪ್ರೊಮೆಥಜಿನ್ ಎಂಬ ಆ್ಯಂಟಿಹಿಸ್ಟಮಿನ್, ಹೈಡ್ರೊಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಅಥವಾ ಹುಸಿ ಔಷಧಿ ಕೊಟ್ಟು ನೋಡಲಾಯಿತು. ಅಲ್ಪ ಪ್ರಮಾಣದ ಅಡ್ರಿನಲಿನ್ ಮೊದಲ ಒಂದು ಗಂಟೆಯಲ್ಲಿ ತೀವ್ರ ಪ್ರತಿಕ್ರಿಯೆಗಳನ್ನು ಶೇ. 43ರಷ್ಟು ತಗ್ಗಿಸಿತು. ಉಳಿದೆರಡರಿಂದ ಪ್ರಯೋಜನ ಕಾಣಲಿಲ್ಲ. ಪಠ್ಯದ ಒಂದೇ ವಾಕ್ಯದಲ್ಲಿ ಸರಿಸಮಾನವಾಗಿ ನಿಂತ ಮೂರು ಔಷಧಿಗಳು ಪರೀಕ್ಷೆಗೆ ನಿಂತಾಗ ಕೊಟ್ಟ ಫಲಿತಾಂಶವಿದು. ಜೇನುಹುಳು ಕಚ್ಚಿಯೋ ಕಡಲೆಬೀಜ, ಗೋಡಂಬಿ ತಿಂದೋ ಮೈಯೆಲ್ಲ ಗಾದರಿ ಎದ್ದು, ಗಂಟಲು ಬಿಗಿದು, ತಲೆಸುತ್ತಿ ಬೀಳುವವನಿಗೆ ಮೊದಲು ಬೇಕಾದದ್ದು ತೊಡೆಯ ಸ್ನಾಯುವಿಗೆ ಅಡ್ರಿನಲಿನ್, ವಯಸ್ಕರಿಗೆ 0.5 ಮಿಲಿಗ್ರಾಂ. ಅಲರ್ಜಿಯ ಸೂಜಿ ಎಂದು ಜನ ಕರೆಯುವ ಆ್ಯಂಟಿಹಿಸ್ಟಮಿನ್ ಚುಚ್ಚಿ ಕಾಯುತ್ತ ಕೂರುವುದು ತುರಿಕೆಯನ್ನು ಇಳಿಸಬಹುದು, ರಕ್ತದೊತ್ತಡವನ್ನು ಎತ್ತಲಾರದು.

ಅಸ್ತಮಾದ ದೀರ್ಘ ಚಿಕಿತ್ಸೆಯಲ್ಲೂ ಇದೇ ತರ್ಕ. ಸಾಲ್ಬ್ಯುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳುವುದು ಅಪಾಯಕರ ಎಂದು ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ 2019ರಿಂದ ಸ್ಪಷ್ಟವಾಗಿ ಹೇಳುತ್ತಿದೆ. ಸೇದುವ ಸ್ಟಿರಾಯ್ಡ್ ಜೊತೆಗಿರಲೇಬೇಕು. ಸ್ಟಿರಾಯ್ಡ್ ಎಂದೊಡನೆ ಹೆದರುವ ಪಾಲಕರಿಗೆ ಶಿಕ್ಷಕರು ಅಳತೆಯ ಪಾಠವನ್ನೇ ಉತ್ತರವಾಗಿ ಕೊಡಬಹುದು. ಸೇದುವ ಬ್ಯುಡೆಸೊನೈಡ್‌ನ ಸಾಮಾನ್ಯ ದಿನದ ಪ್ರಮಾಣ 200ರಿಂದ 400 ಮೈಕ್ರೊಗ್ರಾಂ, ಅದೂ ನೇರ ಶ್ವಾಸನಾಳಕ್ಕೆ. ಪ್ರೆಡ್ನಿಸೊಲೋನ್‌ನ ಒಂದು ಸಣ್ಣ ಗುಳಿಗೆಯಲ್ಲಿರುವುದು 5 ಮಿಲಿಗ್ರಾಂ, ಎಂದರೆ 5,000 ಮೈಕ್ರೊಗ್ರಾಂ, ಇಡೀ ಮೈಗೆ. ಎರಡರ ಪ್ರಾಬಲ್ಯ ಒಂದೇ ಅಲ್ಲ. ಹಾಗಾಗಿ ಅಂಕಿಗಳನ್ನು ನೇರವಾಗಿ ಭಾಗಿಸಬಾರದು. ಆದರೂ ವ್ಯಂಗ್ಯವೊಂದು ಉಳಿಯುತ್ತದೆ. ಪಂಪು ಹಿಡಿಯಲು ಅಂಜುವ ಮನೆಯವರೇ, ಹೆಸರು ಕೇಳದೆ ಪೊಟ್ಟಣದಲ್ಲಿ ಕೊಟ್ಟ ದಮ್ಮಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗುತ್ತಾರೆ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಅವರಿಗೆ ತಿಳಿಯುವ ಬಗೆಯೇ ಇಲ್ಲ.

ಮಹಾನಗರದ ರೋಗವೇ?

ಪಠ್ಯದ ಕೊನೆಯ ಮಾತು ಮಹಾನಗರಗಳ ಬಗೆಗಿನದು. ಇದಕ್ಕೆ ಆಧಾರ ಇಲ್ಲದಿಲ್ಲ. ಬೆಂಗಳೂರಿನ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ 20,000 ಮಕ್ಕಳನ್ನು ಎರಡು ದಶಕ ಗಮನಿಸಿ, ಅಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ರಲ್ಲಿ ಶೇ. 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಇದು ಬಹುವಾಗಿ ಉದ್ಧರಿಸಲಾಗುವ ಅಂಕಿ. ಆದರೆ ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ, ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ. ಬೆಂಗಳೂರಿನ ಮೂವರಲ್ಲಿ ಒಬ್ಬ ಮಗುವಿಗೆ ಅಸ್ತಮಾ ಎಂದು ಬರೆಯುವ ಲೇಖನಗಳು ಈ ಭೇದವನ್ನು ಮರೆಯುತ್ತವೆ. ಪರಮೇಶ್ ಅವರು ಈ ಏರಿಕೆಗೆ ಹೊಂದಿಸಿ ನೋಡಿದ್ದು ವಾಹನಗಳ ಹೊಗೆ ಮತ್ತು ನಗರೀಕರಣವನ್ನು, ಜೋಪಾನ ಹೆಚ್ಚಾದದ್ದನ್ನಲ್ಲ.

ಜೋಪಾನದ ವಾದದ ಮೂಲ 1989ರಲ್ಲಿ ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್ ಮಂಡಿಸಿದ ಊಹೆ. ದೊಡ್ಡ ಕುಟುಂಬದ ಕಿರಿಯ ಮಕ್ಕಳಲ್ಲಿ ಪರಾಗದ ಅಲರ್ಜಿ ಕಡಿಮೆ ಎಂದು ಅವರು ಕಂಡರು. ಮುಂದೆ 2016ರಲ್ಲಿ ಅಮೆರಿಕದ ಎರಡು ಕೃಷಿಕ ಸಮುದಾಯಗಳನ್ನು ಹೋಲಿಸಿದಾಗ, ಮನೆಗೆ ಹೊಂದಿಯೇ ದನದ ಕೊಟ್ಟಿಗೆಯಿರುವ ಅಮಿಷ್ ಮಕ್ಕಳಲ್ಲಿ ಅಸ್ತಮಾ ಶೇ. 5.2, ಯಂತ್ರಗಳಿಂದ ಬೃಹತ್ ಕೃಷಿ ಮಾಡುವ ಹಟರೈಟ್ ಮಕ್ಕಳಲ್ಲಿ ಶೇ. 21.3 ಇತ್ತು. ಇದನ್ನೋದಿ ನಮ್ಮ ಹಳ್ಳಿಗಳಿಗೆ ಅಸ್ತಮಾದ ಚಿಂತೆಯಿಲ್ಲ ಎಂದುಕೊಳ್ಳಬಾರದು. ಕೊಟ್ಟಿಗೆಯ ಧೂಳು ರಕ್ಷಿಸಬಹುದು; ಅದೇ ಮನೆಯ ಒಲೆಯ ಹೊಗೆ ರಕ್ಷಿಸುವುದಿಲ್ಲ.

2019ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳು. ಜಗತ್ತಿನ ರೋಗಿಗಳಲ್ಲಿ ನಮ್ಮ ಪಾಲು ಶೇ. 13ರ ಆಸುಪಾಸು, ಅಸ್ತಮಾದಿಂದಾಗುವ ಸಾವುಗಳಲ್ಲಿ ಶೇ. 40ಕ್ಕೂ ಹೆಚ್ಚು. ಈ ವಿಚಿತ್ರ ಅನುಪಾತಕ್ಕೆ ಕಾರಣದ ಎಳೆಯೊಂದು 2022ರಲ್ಲಿ ಪ್ರಕಟವಾದ, ದೇಶದ ಹಲವು ಕೇಂದ್ರಗಳ ಸಮೀಕ್ಷೆಯಲ್ಲಿದೆ. ಉಬ್ಬಸದ ಲಕ್ಷಣವಿದ್ದವರಲ್ಲಿ ಶೇ. 82 ಮಂದಿಗೆ ಅಸ್ತಮಾ ಎಂದು ಯಾರೂ ಹೇಳಿರಲೇ ಇಲ್ಲ. ತೀವ್ರ ಲಕ್ಷಣವಿದ್ದವರಲ್ಲೂ ದಿನನಿತ್ಯ ಸೇದುವ ಸ್ಟಿರಾಯ್ಡ್ ಬಳಸುತ್ತಿದ್ದವರು ಶೇ. 10ಕ್ಕಿಂತ ಕಡಿಮೆ. ಉರಿಯೂತಕ್ಕೆ ಔಷಧಿಯಿಲ್ಲ, ಬಿಗಿತಕ್ಕೆ ಮಾತ್ರ ಅಷ್ಟಿಷ್ಟು ಉಂಟು. ಮಹಾನಗರದ ಮುದ್ದು ಮಕ್ಕಳ ಚಿತ್ರದಿಂದ ಈ ಸಾವುಗಳು ಅರ್ಥವಾಗುವುದಿಲ್ಲ.

ದಮ್ಮು ಎಂಬ ಒಂದೇ ಪದ

ಪಠ್ಯ ಕೊಡುವ ಉದಾಹರಣೆಗಳು ಧೂಳುನುಸಿ, ಪರಾಗ, ಪ್ರಾಣಿಗಳ ಹೊಟ್ಟು. ಗೋಕಾಕ, ಮೂಡಲಗಿ, ಹುಕ್ಕೇರಿ ಸೇರಿರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಿಕ್ಷಕರು ಇವನ್ನೇ ಹೇಳಿ ಮುಗಿಸಬೇಕಿಲ್ಲ. ದಾರಿಯ ಎರಡೂ ಬದಿಗೆ ಕಾಂಗ್ರೆಸ್ ಕಸ ನಿಂತಿದೆ. 1955ರಲ್ಲಿ ಪುಣೆಯಲ್ಲಿ ಗುರುತಿಸಲಾದ ಪಾರ್ಥೇನಿಯಂ ಇದು. ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಅವರ ತಂಡ 1991ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಂಗಳೂರಿನ ಜನರಲ್ಲಿ ಸುಮಾರು ಶೇ. 7 ಮಂದಿಗೆ ಇದರ ಪರಾಗದಿಂದ ಮೂಗಿನ ಅಲರ್ಜಿಯಿತ್ತು. ಜೋಳದ ರಾಶಿಯ ಕಣದ ಹೊಟ್ಟು, ಕಬ್ಬು ಕಡಿದ ಮೇಲೆ ರವದಿ ಸುಡುವ ಹೊಗೆ ಮೊದಲಾದವನ್ನು ಮಕ್ಕಳೇ ಪಟ್ಟಿ ಮಾಡಬಲ್ಲರು. ಇವುಗಳಲ್ಲಿ ಯಾವುದು ಅಲರ್ಜಿಕಾರಕ, ಯಾವುದು ಬರಿಯ ಉದ್ರೇಕಕಾರಿ ಎಂದು ವಿಂಗಡಿಸುವುದೇ ಒಳ್ಳೆಯ ಅಭ್ಯಾಸ. ಹೊಗೆಗೆ ಐಜಿ-ಇ ತಯಾರಾಗುವುದಿಲ್ಲ; ಆದರೆ ಆಗಲೇ ಸುಲಿದ ನಾಳವನ್ನು ಅದು ಕೆರಳಿಸುತ್ತದೆ.

ಈ ಭಾಗದ ಎರಡು ದೊಡ್ಡ ಉದ್ಯಮಗಳು ವಿಷಯವನ್ನು ಇನ್ನೂ ಕುತೂಹಲಕರಗೊಳಿಸುತ್ತವೆ. ಗೋಕಾಕ ಜಲಪಾತದ ಬಳಿ 19ನೆಯ ಶತಮಾನದ ಕೊನೆಯಲ್ಲೇ ಹತ್ತಿಯ ನೂಲಿನ ಗಿರಣಿ ಎದ್ದಿತು. ಹತ್ತಿ ಗಿರಣಿಗಳ ಧೂಳಿನಿಂದ ಬರುವ ಬಿಸಿನೋಸಿಸ್ ರೋಗವನ್ನು ಜಗತ್ತಿನಾದ್ಯಂತ ಅಭ್ಯಸಿಸಲಾಗಿದೆ. ನಮ್ಮ ಕಾನೂನಿನಲ್ಲೂ ಅದು ಪರಿಹಾರಾರ್ಹ ಔದ್ಯೋಗಿಕ ರೋಗ. ಅದರ ವೈಶಿಷ್ಟ್ಯ ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿಯುವುದು, ಬಳಿಕ ವಾರ ಕಳೆದಂತೆ ಇಳಿಯುವುದು. ಅಲರ್ಜಿಯಾಗಿದ್ದರೆ ದಿನದಿನಕ್ಕೂ ಏರಬೇಕಿತ್ತಲ್ಲ? ಹತ್ತಿಯ ಧೂಳು ಐಜಿ-ಇಯ ನೆರವಿಲ್ಲದೆ ನೇರವಾಗಿ ಹಿಸ್ಟಮಿನ್ ಬಿಡಿಸುತ್ತದೆ, ವಾರದ ಆರಂಭದಲ್ಲಿ ದಾಸ್ತಾನು ಖಾಲಿಯಾಗುವುದರಿಂದ ಮುಂದಿನ ದಿನಗಳಲ್ಲಿ ಬಿಗಿತ ಕಡಿಮೆ ಎಂದು ಒಂದು ಕಾಲದಲ್ಲಿ ವಿವರಿಸುತ್ತಿದ್ದರು. ಅಂದವಾದ ವಿವರಣೆ. ಆದರೆ ಧೂಳಿಗೆ ಅಂಟಿದ ಬ್ಯಾಕ್ಟೀರಿಯಗಳ ಎಂಡೊಟಾಕ್ಸಿನ್ ಎಂಬ ವಿಷವೇ ಉರಿಯೂತದ ಪ್ರಮುಖ ಕಾರಣ ಎಂಬುದು ಮುಂದೆ ಸ್ಪಷ್ಟವಾಗುತ್ತ ಬಂತು. ಇಲ್ಲೂ ಹಿಸ್ಟಮಿನ್ ಅರ್ಧ ಕಥೆ ಹೇಳಿ ಹಿಂದೆ ಸರಿಯಿತು.

ಇನ್ನೊಂದು ಸಕ್ಕರೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯೂ ಸೇರಿದಂತೆ ಈ ಸೀಮೆಯಲ್ಲಿ ಹಲವು ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಅರೆದು ಉಳಿದ ಸಿಪ್ಪೆಗೆ, ಎಂದರೆ ಬಗ್ಯಾಸ್‌ಗೆ, ಎಲ್ಲಿಯೇ ಆಗಲಿ ಬೂಷ್ಟು ಹಿಡಿದರೆ ಅದರಲ್ಲಿ ಶಾಖಪ್ರಿಯ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವುಗಳ ಬೀಜಕಣ ತುಂಬಿದ ಧೂಳಿನಿಂದ ಬಗಸೋಸಿಸ್ ಬರುತ್ತದೆ. ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1955ರಲ್ಲಿ, ಕೋಲ್ಕತ್ತ ಬಳಿಯ ರಟ್ಟಿನ ಕಾರ್ಖಾನೆಯೊಂದರ ಕೆಲಸಗಾರರಲ್ಲಿ. ಧೂಳು ಸೇವಿಸಿದ ಕೆಲವು ಗಂಟೆಗಳ ಮೇಲೆ ಜ್ವರ, ಒಣ ಕೆಮ್ಮು, ಏದುಸಿರು. ಇದರಲ್ಲಿ ಐಜಿ-ಇಯೂ ಇಲ್ಲ, ಮಾಸ್ಟ್ ಕೋಶದ ಹಿಸ್ಟಮಿನ್‌ಗೆ ಮುಖ್ಯ ಪಾತ್ರವೂ ಇಲ್ಲ. ಐಜಿ-ಜಿ ಪ್ರತಿಕಾಯಗಳೂ ಟಿ-ಕೋಶಗಳೂ ಸೇರಿ ಗಾಳಿಚೀಲಗಳಲ್ಲೇ ಉರಿಯೂತ ಎಬ್ಬಿಸುತ್ತವೆ. ಸಿಪ್ಪೆಗೆ ಶೇ. 2ರ ಪ್ರೊಪಿಯೋನಿಕ್ ಆಮ್ಲ ಸಿಂಪಡಿಸಿ ಬೂಷ್ಟು ತಡೆಯುವುದು ನಿವಾರಣೆಯ ಒಂದು ಮಾರ್ಗ.

ಅಸ್ತಮಾ, ಬಿಸಿನೋಸಿಸ್, ಬಗಸೋಸಿಸ್ ಮೂರಕ್ಕೂ ಆಡುಮಾತಿನಲ್ಲಿ ಒಂದೇ ಹೆಸರು, ದಮ್ಮು. ಆಡುಮಾತು ಕಂಡದ್ದನ್ನು ಹೇಳುತ್ತದೆ, ಅದರ ತಪ್ಪೇನಿಲ್ಲ. ಭೇದ ತೋರಿಸಬೇಕಾದ ಪಠ್ಯವೂ ಒಂದೇ ರಾಸಾಯನಿಕದ ಹೆಸರು ಹೇಳಿದರೆ ಕಷ್ಟ.

ಪರಿಭಾಷೆಯ ಬಗೆಗೆ ಒಂದು ಟಿಪ್ಪಣಿ. ಕನ್ನಡದಲ್ಲಿ ಈ ರಾಸಾಯನಿಕಗಳನ್ನು ‘ಮಧ್ಯವರ್ತಿ’ ಎಂದು ಕರೆಯುವ ರೂಢಿಯಿದೆ. ಹತ್ತಿ ಮಾರಿದ ರೈತನ ಮಗನಿಗೆ ಮಧ್ಯವರ್ತಿ ಎಂದರೆ ದಲಾಲಿಯೇ ನೆನಪಾಗುತ್ತಾನೆ. ಹಾಗೆ ನೆನಪಾದರೂ ನಷ್ಟವಿಲ್ಲ. ಮಾರುಕಟ್ಟೆಯಲ್ಲಿ ಒಬ್ಬ ದಲಾಲಿಯನ್ನು ತೆಗೆದರೆ ಇನ್ನೊಬ್ಬ ಆ ಜಾಗಕ್ಕೆ ಬರುತ್ತಾನೆ, ವ್ಯವಹಾರ ನಿಲ್ಲುವುದಿಲ್ಲ. ಹಿಸ್ಟಮಿನ್ ತಡೆದಾಗ, ಲ್ಯೂಕೊಟ್ರೈಯೀನ್ ತಡೆದಾಗ ಆದದ್ದೂ ಅದೇ. ಐಜಿ-ಇಯನ್ನೇ ಹಿಡಿದು ಹಾಕುವ ಒಮಾಲಿಜುಮಾಬ್ 2003ರಲ್ಲಿ, ಇಂಟರ್‌ಲ್ಯೂಕಿನ್-5 ತಡೆಯುವ ಮೆಪೊಲಿಜುಮಾಬ್ 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಇವು ತೀವ್ರ ರೋಗಿಗಳಲ್ಲಿ ಕೆಲವರಿಗೆ ವರದಾನವಾದರೂ ಎಲ್ಲರಿಗೂ ಅಲ್ಲ. ಬೆಲೆಯಂತೂ ಸಾಮಾನ್ಯರ ಕೈಗೆಟುಕದ್ದು.

ಅರ್ಧ ಪುಟವನ್ನು ಎರಡು ಪುಟ ಮಾಡಿ ಎಂಬ ಬೇಡಿಕೆ ನಮ್ಮದಲ್ಲ. ಸಿರೊಟೊನಿನ್ ಜಾಗದಲ್ಲಿ ಲ್ಯೂಕೊಟ್ರೈಯೀನ್, ಔಷಧಿಗಳ ವಾಕ್ಯವನ್ನು ನಿಮಿಷ–ಗಂಟೆಗಳ ಲೆಕ್ಕದಲ್ಲಿ ಮೂರಾಗಿ ಒಡೆಯುವುದು, ಮಹಾನಗರದ ಮಾತಿಗೆ ಒಲೆಯ ಹೊಗೆಯನ್ನೂ ಸೇರಿಸುವುದು; ಇಷ್ಟಕ್ಕೆ ನಾಲ್ಕೈದು ಸಾಲು ಹೆಚ್ಚಾದೀತು. ಪಠ್ಯ ಬದಲಾಗುವವರೆಗೆ ಶಿಕ್ಷಕರು ಘಟಕ ಪರೀಕ್ಷೆಯಲ್ಲಿ, ಪ್ರತಿಕಾಯದ ಹೆಸರು ಬರೆಯಿರಿ ಎನ್ನುವ ಬದಲು, ಇಂಥದೊಂದು ಪ್ರಶ್ನೆ ಕೇಳಿ ನೋಡಬಹುದು: ಮಧ್ಯಾಹ್ನ 12 ಗಂಟೆಗೆ ಕಾಂಗ್ರೆಸ್ ಕಸ ಕಿತ್ತ ಹುಡುಗನಿಗೆ ಹತ್ತು ನಿಮಿಷದಲ್ಲಿ ಸೀನು, ತುರಿಕೆ, ಉಬ್ಬಸ ಬಂದವು. ಸೆಟಿರಿಜಿನ್ ನುಂಗಿದ ಮೇಲೆ ಸೀನು, ತುರಿಕೆ ನಿಂತವು. ಉಬ್ಬಸ ತಾನಾಗಿ ಇಳಿಯಿತು. ಸಂಜೆ 7ಕ್ಕೆ, ಮನೆಯಲ್ಲೇ ಇದ್ದಾಗ, ಮತ್ತೆ ಉಬ್ಬಸ ಬಂತು. ಗುಳಿಗೆ ಯಾವುದನ್ನು ತಡೆಯಿತು, ಯಾವುದನ್ನು ತಡೆಯಲಿಲ್ಲ? ಏಳು ಗಂಟೆಯ ಉಬ್ಬಸಕ್ಕೆ ಕಾರಣವಾದ ಕೋಶಗಳು 12 ಗಂಟೆಗೆ ಎಲ್ಲಿದ್ದವು?